ಹೀಟರ್ ಹೋಸನ್ನು ಮುಚ್ಚುವ ಮುನ್ನ ನೀರಿನ ದಾರಿ ತಿಳಿಯಿರಿ

ಕಲಬುರಗಿಯ ನೆಹರೂ ಗಂಜಿಗೆ ತೊಗರಿ ಚೀಲ ಹೊತ್ತು ಬರುವ ಹಳೆಯ ಪಿಕಪ್ ಗಾಡಿಗಳ ಬಾನೆಟ್ ಎತ್ತಿದಾಗ ಒಂದು ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಎಂಜಿನ್ನಿನ ಬಿಸಿನೀರಿನಿಂದ ಕ್ಯಾಬಿನ್ನನ್ನು ಬೆಚ್ಚಗಿಡುವ ಹೀಟರಿಗೆ ಹೋಗಬೇಕಾದ ಎರಡು ಹೋಸ್‌ಗಳನ್ನು ಯಾರೋ ಕತ್ತರಿಸಿ, ಉಳಿದ ತುಂಡುಗಳ ಬಾಯಿಗೆ ತಲಾ ಒಂದು ಬೋಲ್ಟ್ ತುರುಕಿ, ಮೇಲೊಂದು ಕ್ಲಾಂಪು ಬಿಗಿದಿರುತ್ತಾರೆ. ಕಾರಣ ಕೇಳಿದರೆ, ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು ಕಾಯುವ ಊರಿನಲ್ಲಿ ಹೀಟರ್ ಯಾರಿಗೆ ಬೇಕು ಎಂಬ ಮಾತು ಬರುತ್ತದೆ. ಮೇಲುನೋಟಕ್ಕೆ ಆ ಮಾತು ಸರಿಯೇ. ಆದರೆ ಅನೇಕ ಹಳೆಯ ಎಂಜಿನ್‌ಗಳಲ್ಲಿ ಅದೇ ಹೋಸ್‌ಗಳಲ್ಲಿ ಹರಿಯುವ ನೀರು ಸಿಲಿಂಡರ್‌ಗಳ ಮೇಲೆ ಮುಚ್ಚಳದಂತೆ ಕೂತಿರುವ ಹೆಡ್ಡನ್ನೂ ಅತಿ ಬಿಸಿಯಿಂದ ಕಾಪಾಡುತ್ತಿರುತ್ತದೆ. ಆದ್ದರಿಂದ ಆ ನೀರು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂಬುದನ್ನು ತಿಳಿಯದೆ ಹೋಸಿಗೆ ಕೈ ಹಾಕಬಾರದು.

ವಾಟರ್ ಪಂಪು ರೇಡಿಯೇಟರಿನ ಕೆಳಗಿನ ಹೋಸಿನಿಂದ ತಂಪಾದ ನೀರನ್ನು ಎಳೆದುಕೊಂಡು ಬ್ಲಾಕಿಗೆ ನೂಕುತ್ತದೆ. ಆ ನೀರು ಸಿಲಿಂಡರ್‌ಗಳ ಸುತ್ತ ಹಾದು, ಹೆಡ್ಡಿಗೆ ಏರಿ, ಥರ್ಮೋಸ್ಟ್ಯಾಟ್ ವಾಲ್ವಿನ ಬಳಿಗೆ ಬರುತ್ತದೆ. ವಾಲ್ವಿನೊಳಗಿನ ಮೇಣ ಸಾಮಾನ್ಯವಾಗಿ 80ರಿಂದ 85 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ಹಿಗ್ಗತೊಡಗಿದ ಮೇಲೆಯೇ ರೇಡಿಯೇಟರಿನ ದಾರಿ ತೆರೆಯುತ್ತದೆ. ಅಲ್ಲಿಯವರೆಗೂ ನೀರು ನಿಂತಲ್ಲೇ ನಿಲ್ಲದೆ ಸುತ್ತುತ್ತಿರಬೇಕು, ಅದಕ್ಕಾಗಿ ಬೈಪಾಸ್ ಎಂಬ ಸಣ್ಣ ದಾರಿಯೊಂದನ್ನು ಕೊಟ್ಟಿರುತ್ತಾರೆ. ಕೆಲವು ಎಂಜಿನ್‌ಗಳಲ್ಲಿ ಈ ಬೈಪಾಸ್ ಥರ್ಮೋಸ್ಟ್ಯಾಟ್ ಹೌಸಿಂಗಿನಿಂದ ನೇರವಾಗಿ ಪಂಪಿಗೆ ಇಳಿಯುವ ಗಿಡ್ಡ, ದಪ್ಪ ಹೋಸಿನ ರೂಪದಲ್ಲಿ ಹೊರಗೇ ಕಾಣುತ್ತದೆ, ಇನ್ನು ಕೆಲವುಗಳಲ್ಲಿ ಎರಕದೊಳಗೇ ಅಡಗಿರುತ್ತದೆ. ಮತ್ತೆ ಕೆಲವುಗಳಲ್ಲಿ ಬೇರೆ ಬೈಪಾಸ್ ಇರುವುದೇ ಇಲ್ಲ, ಹೀಟರಿನ ಸುತ್ತೇ ಆ ಕೆಲಸವನ್ನೂ ಮಾಡುತ್ತದೆ.

ಈ ಮೂರನೆಯ ಬಗೆಯ ಎಂಜಿನ್ನಿನಲ್ಲಿ ಹೀಟರ್ ಹೋಸಿಗೆ ಬೋಲ್ಟ್ ತುರುಕಿದರೆ, ಎಂಜಿನ್ ಬಿಸಿಯೇರುವ ಹೊತ್ತಿನಲ್ಲಿ ನೀರು ಬಹುತೇಕ ಸ್ತಬ್ಧವಾಗುತ್ತದೆ. ಎಕ್ಸಾಸ್ಟ್ ವಾಲ್ವುಗಳ ಸುತ್ತಲಿನ ನೀರು ಅಲ್ಲಲ್ಲೇ ಕುದಿಯುತ್ತಿದ್ದರೂ ಆ ಬಿಸಿ ಥರ್ಮೋಸ್ಟ್ಯಾಟ್‌ವರೆಗೆ ತಲುಪುವುದಿಲ್ಲ. ತಡವಾಗಿ ತಲುಪಿದಾಗ ವಾಲ್ವು ಒಮ್ಮೆಲೇ ತೆರೆದು, ರೇಡಿಯೇಟರಿನಲ್ಲಿ ನಿಂತಿದ್ದ ತಂಪು ನೀರು ಒಳಗೆ ನುಗ್ಗಿ, ವಾಲ್ವು ಮತ್ತೆ ಮುಚ್ಚಿಕೊಳ್ಳುತ್ತದೆ. ಮೀಟರಿನ ಮುಳ್ಳು ಸರ್ರನೆ ಏರಿ ಅಷ್ಟೇ ಬೇಗ ಇಳಿಯುವ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಹೀಟರ್ ಹೋಸ್‌ಗಳನ್ನೇ. ಹೀಗೆ ದಿನವೂ ಕಾಯುತ್ತ ಆರುತ್ತ ಇದ್ದ ಹೆಡ್ಡು ಕೊನೆಗೆ ಸೊಟ್ಟಗಾಗಿ, ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಹಾರುತ್ತದೆ, ಆಗ ಎಲ್ಲರೂ ರೇಡಿಯೇಟರನ್ನು ದೂರುತ್ತಾರೆ.

ಇದಕ್ಕೆ ಹೊಂದಿಕೊಂಡೇ ಇರುವ ಇನ್ನೊಂದು ಅಭ್ಯಾಸವೆಂದರೆ, ಬೇಸಿಗೆ ಬಂತೆಂದು ಥರ್ಮೋಸ್ಟ್ಯಾಟನ್ನೇ ಕಿತ್ತೆಸೆಯುವುದು. ರೇಡಿಯೇಟರಿನ ದಾರಿ ತೆರೆದಾಗ ಬೈಪಾಸಿನ ಬಾಯಿಯನ್ನು ಮುಚ್ಚುವ ಕೆಲಸವನ್ನೂ ಅನೇಕ ಥರ್ಮೋಸ್ಟ್ಯಾಟ್‌ಗಳು ಮಾಡುತ್ತವೆ. ಅಂಥದ್ದನ್ನು ತೆಗೆದುಹಾಕಿದರೆ ಬೈಪಾಸ್ ಸದಾ ತೆರೆದೇ ಉಳಿದು, ಹೆಡ್ಡಿನಿಂದ ಬಂದ ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ಕಾಣದೆಯೇ ಪಂಪಿಗೆ ಮರಳುತ್ತದೆ. ಬಿಸಿ ಕಡಿಮೆಯಾಗಲೆಂದು ಮಾಡಿದ ಕೆಲಸವೇ ಭಾರ ಹೊತ್ತ ಗಾಡಿಯ ಬಿಸಿಯನ್ನು ಹೆಚ್ಚಿಸುತ್ತದೆ.

ಹಾಗಾದರೆ ಹೀಟರ್ ಬೇಡವೆನ್ನುವವರು ಏನು ಮಾಡಬೇಕು? ಪ್ರತ್ಯೇಕ ಬೈಪಾಸ್ ಇದೆಯೆಂದು ಖಚಿತವಾದರೆ ಹೀಟರ್ ಹೋಸ್‌ಗಳನ್ನು ಪೂರ್ತಿ ಬಿಚ್ಚಿ, ನಿಪ್ಪಲ್, ಅಂದರೆ ಹೋಸು ಕೂರುವ ಮೂತಿ, ಇದ್ದ ಜಾಗಕ್ಕೆ ಥ್ರೆಡ್ಡಿನ ಲೋಹದ ಪ್ಲಗ್ಗು ಕೂರಿಸಬಹುದು. ಪ್ರತ್ಯೇಕ ಬೈಪಾಸ್ ಇಲ್ಲದ ಎಂಜಿನ್ನಿನಲ್ಲಿ ಎರಡೂ ನಿಪ್ಪಲ್‌ಗಳನ್ನು ಒಂದೇ ಹೋಸಿನಿಂದ ಸೇರಿಸಿ ನೀರಿನ ಸುತ್ತನ್ನು ಉಳಿಸಬೇಕು. ಎಲ್ಲ ಎಂಜಿನ್‌ಗಳಿಗೂ ಹೀಗೆ ಕುರುಡಾಗಿ ಲೂಪ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಹೀಟರಿನೊಳಗೆ ಬಿಸಿನೀರು ಹಾಯುವ ಭಾಗವಾದ ಕೋರಿನ ಸಣ್ಣ ಕೊಳವೆಗಳು ಹರಿವಿಗೆ ಒಂದಿಷ್ಟು ತಡೆ ಒಡ್ಡುತ್ತವೆ. ಆ ತಡೆಯಿಲ್ಲದ ಲೂಪಿನಲ್ಲಿ ಬಿಸಿನೀರು ಹೆಚ್ಚಾಗಿ ಹರಿದು, ರೇಡಿಯೇಟರಿಗೆ ಸಿಗಬೇಕಾದ ಪಾಲು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ನಮ್ಮ ಬಿಸಿಲಿಗೆ ಅದೂ ಲೆಕ್ಕಕ್ಕೆ ಬರುವ ವಿಷಯ.

ನನ್ನ ಸಲಹೆ ಕೇಳಿದರೆ, ಹೀಟರನ್ನು ದುರಸ್ತಿ ಮಾಡಿಸಿ ಉಳಿಸಿಕೊಳ್ಳುವುದೇ ಒಳ್ಳೆಯದು. ಹೀಟರ್ ಕೋರ್ ಎಂದರೆ ಎರಡನೆಯ ಸಣ್ಣ ರೇಡಿಯೇಟರ್. ತುಂಬಿದ ಗಾಡಿ ಹುಮನಾಬಾದ್ ಕಡೆಗೋ ಬೀದರ್ ಕಡೆಗೋ ಏರು ಹತ್ತುತ್ತಿರುವಾಗ ಮುಳ್ಳು ಮೇಲೇರಿದರೆ, ಹೀಟರನ್ನು ಪೂರ್ತಿ ತೆರೆದು ಬ್ಲೋವರ್ ಹಾಕಿ, ಗಾಜು ಇಳಿಸಿದರೆ, ಗಾಡಿಯನ್ನು ಸುರಕ್ಷಿತವಾಗಿ ಬದಿಗೆ ತಂದು ನಿಲ್ಲಿಸುವಷ್ಟು ಅವಕಾಶ ಸಿಗುತ್ತದೆ. ಚಾಲಕನಿಗೆ ಆ ಕೆಲವು ನಿಮಿಷ ಕಷ್ಟವಾದರೂ ಹೆಡ್ಡು ಉಳಿಯುತ್ತದೆ.

ಇನ್ನು ಹೋಸ್ ಹಾಯಿಸುವ ಕೆಲಸ. ಹೀಟರಿನ ಒಂದು ಹೋಸು ಹೆಡ್ಡಿನಿಂದಲೋ ಥರ್ಮೋಸ್ಟ್ಯಾಟಿನ ಕೆಳಭಾಗದಿಂದಲೋ, ಅಂದರೆ ವಾಲ್ವು ಮುಚ್ಚಿದ್ದರೂ ಬಿಸಿನೀರು ಸಿಗುವ ಜಾಗದಿಂದ ಹೊರಡಬೇಕು, ಇನ್ನೊಂದು ಪಂಪು ನೀರು ಎಳೆದುಕೊಳ್ಳುವ ಸಕ್ಷನ್ ಬದಿಗೆ ಮರಳಬೇಕು. ಈ ಎರಡು ತುದಿಗಳ ನಡುವಿನ ಒತ್ತಡದ ವ್ಯತ್ಯಾಸವೇ ನೀರನ್ನು ನಡೆಸುತ್ತದೆ. ಹಿಂದೆ ಕೆಲಸ ಮಾಡಿದವರು ಅಡಾಪ್ಟರ್ ಹಾಕಿ ಎರಡೂ ಹೋಸ್‌ಗಳನ್ನು ಪಂಪು ನೀರು ನೂಕುವ ಡೆಲಿವರಿ ಬದಿಗೇ ಕೊಟ್ಟಿದ್ದರೆ ಹೋಸಿನ ತುಂಬ ನೀರಿದ್ದರೂ ಅದು ಹರಿಯುವುದಿಲ್ಲ. ಎಂಜಿನ್ ಕಾದು ಹೀಟರ್ ತೆರೆದಿರುವಾಗ ಎರಡೂ ಹೋಸ್‌ಗಳ ಮೇಲೆ ಕೈಯಿಟ್ಟು ನೋಡಿರಿ. ಎರಡೂ ಬಿಸಿಯಿದ್ದರೆ ಸುತ್ತು ಸರಿಯಿದೆ. ಒಂದು ಬಿಸಿ, ಒಂದು ತಣ್ಣಗಿದ್ದರೆ ಕೋರ್ ಕಟ್ಟಿದೆ, ಗಾಳಿ ಸಿಕ್ಕಿಕೊಂಡಿದೆ, ಇಲ್ಲವೆ ಜೋಡಣೆ ತಪ್ಪಿದೆ.

ಹಳೆಯ ಗಾಡಿಯಲ್ಲಿ ಎಂಜಿನ್ ಮೌಂಟಿಂಗಿನ ರಬ್ಬರು ಸೋತಿರುವುದರಿಂದ ಪ್ರತಿ ಸಲ ಕ್ಲಚ್ ಬಿಟ್ಟಾಗಲೂ ಎಂಜಿನ್ ಒಮ್ಮೆ ಹೊರಳುತ್ತದೆ, ಆದರೆ ಕ್ಯಾಬಿನ್ನಿನ ಗೋಡೆ ಹೊರಳುವುದಿಲ್ಲ. ಆದ್ದರಿಂದ ಹೋಸನ್ನು ಹಿಡಿದಿಡುವ ಒಂದು ಕ್ಲಿಪ್ಪನ್ನು ಎಂಜಿನ್ನಿಗೂ ಇನ್ನೊಂದನ್ನು ಕ್ಯಾಬಿನ್ನಿನ ಗೋಡೆಗೂ ಕೊಟ್ಟು, ನಡುವಿನ ಹೋಸನ್ನು ಸಡಿಲವಾಗಿ, ಬಾಗಿದಂತೆ ಬಿಡಬೇಕು. ಬಿಗಿಯಾಗಿ ಎಳೆದು ಕಟ್ಟಿದ ಹೋಸು ಹೀಟರಿನ ತೆಳು ತಾಮ್ರದ ಮೂತಿಯನ್ನೇ ಕಿತ್ತುಹಾಕುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ಕನಿಷ್ಠ ನಾಲ್ಕು ಬೆರಳಿನಷ್ಟು ದೂರವಿರಲಿ. ಜಾಗವಿಲ್ಲದಿದ್ದರೆ ನಡುವೆ ತಗಡಿನ ಮರೆ ಕೊಡಿ. ಫ್ಯಾನು, ಬೆಲ್ಟು, ಬ್ಯಾಟರಿ ಸ್ಟ್ಯಾಂಡಿನ ಚೂಪು ಅಂಚು, ಇವುಗಳ ಕಡೆ ಹೋಸು ವಾಲಬಾರದು. ನೇರ ಹೋಸನ್ನು ಗಿಡ್ಡ ತಿರುವಿನಲ್ಲಿ ಮಡಚಿದರೆ ಅದು ಚಪ್ಪಟೆಯಾಗಿ ದಾರಿ ಅರ್ಧ ಮುಚ್ಚುತ್ತದೆ, ಅಂಥಲ್ಲಿ ಅಚ್ಚಿನಲ್ಲೇ ಬಾಗಿಸಿ ಮಾಡಿದ ಹೋಸನ್ನೇ ತರಬೇಕು. ಹೋಸು ಎಲ್ಲಿಯೂ ಗೋಪುರದಂತೆ ಎದ್ದು ಮತ್ತೆ ಇಳಿಯದಂತೆ ನೋಡಿಕೊಳ್ಳಬೇಕು, ಏಕೆಂದರೆ ಆ ನೆತ್ತಿಯಲ್ಲಿ ಸಿಕ್ಕಿಕೊಂಡ ಗಾಳಿ ಸುಲಭವಾಗಿ ಹೊರಬರುವುದಿಲ್ಲ.

ನಮ್ಮ ಭಾಗದ ಗಾಡಿಗಳಲ್ಲಿ ಹನಿ ನೀರಾವರಿಯ ಜಾಯಿಂಟು, ಪಿವಿಸಿ ಪೈಪಿನ ತುಂಡು, ಔಷಧ ಹೊಡೆಯುವ ಪಂಪಿನ ಹೋಸು, ಎಲ್ಲವೂ ಎಂಜಿನ್ನಿನ ಮೇಲೆ ಕಾಣಸಿಗುತ್ತವೆ. ಪಿವಿಸಿ ಸುಮಾರು 80 ಡಿಗ್ರಿಯಲ್ಲೇ ಮೆತ್ತಗಾಗುತ್ತದೆ. ಥರ್ಮೋಸ್ಟ್ಯಾಟ್ ತೆರೆಯುವುದೇ ಆ ಬಿಸಿಯಲ್ಲಿ. ಜೋಡಿಸಲೇಬೇಕಾದರೆ ತುದಿಯಲ್ಲಿ ಉಬ್ಬು ಇರುವ ಹಿತ್ತಾಳೆ ಅಥವಾ ಉಕ್ಕಿನ ಕೊಳವೆಯನ್ನು ಬಳಸಿ, ಕ್ಲಾಂಪನ್ನು ಆ ಉಬ್ಬಿನ ಹಿಂದೆ ಕೂರಿಸಬೇಕು. ಹೋಸು ಇಪಿಡಿಎಂ ರಬ್ಬರಿನದಾಗಿದ್ದು ಒಳಗೆ ನೂಲಿನ ಹೆಣಿಗೆ ಇರಬೇಕು. ಈ ರಬ್ಬರು ಬಿಸಿಗೆ ಗಟ್ಟಿ, ಎಣ್ಣೆಗೆ ದುರ್ಬಲ. ಹೆಡ್ಡಿನ ಮೇಲಿನ ಟ್ಯಾಪೆಟ್ ಕವರಿನಿಂದ ಎಂಜಿನ್ ಆಯಿಲ್ ತೊಟ್ಟಿಕ್ಕುವ ಕಡೆ ಹೋಸು ಉಬ್ಬಿ ಅಂಟಂಟಾಗುವುದು ಅದೇ ಕಾರಣಕ್ಕೆ, ಆದ್ದರಿಂದ ಮೊದಲು ಆ ಸೋರಿಕೆ ನಿಲ್ಲಬೇಕು.

ಹೊರಗಿನಿಂದ ಹೊಸದರಂತೆ ಹೊಳೆಯುವ ಹೋಸು ಒಳಗಿನಿಂದ ಸೀಳಿರಬಹುದು. ಲೋಹ, ಕೂಲಂಟ್ (ರೇಡಿಯೇಟರಿನ ನೀರಿಗೆ ಬೆರೆಸುವ ದ್ರವ) ಮತ್ತು ರಬ್ಬರಿನ ನಡುವೆ ಹರಿಯುವ ಅತಿ ಸಣ್ಣ ವಿದ್ಯುತ್ತಿನಿಂದ ಒಳಪದರದಲ್ಲಿ ಉದ್ದುದ್ದ ಸೀಳುಗಳು ಹುಟ್ಟುತ್ತವೆ, ಅದು ಹೆಚ್ಚಾಗಿ ಆಗುವುದು ಕ್ಲಾಂಪಿನ ಬಳಿ. ಎಂಜಿನ್ ಪೂರ್ತಿ ಆರಿದ ಮೇಲೆ ತುದಿಯಿಂದ ಎರಡು ಇಂಚಿನೊಳಗೆ ಹೆಬ್ಬೆರಳು ತೋರುಬೆರಳಿನಿಂದ ಒತ್ತಿ, ಅನಂತರ ನಡುವೆ ಒತ್ತಿ ಹೋಲಿಸಿ. ತುದಿ ಹೆಚ್ಚು ಮೆತ್ತಗಿದ್ದರೆ, ಅಥವಾ ಒತ್ತಿದಾಗ ಒಳಗೆ ಚರಚರ ಸದ್ದು ಬಂದರೆ, ಹೋಸು ಬದಲಿಸುವ ಕಾಲ ಬಂದಿದೆ. ಕ್ಲಾಂಪಿನ ಅಂಚಿನಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಲ್ಲಿ ನೀರು ಜಿನುಗಿ ಒಣಗಿದೆ ಎಂದೇ ಅರ್ಥ. ಸಕ್ಷನ್ ಬದಿಯ ಸಡಿಲ ಕ್ಲಾಂಪು ನೀರು ಚೆಲ್ಲದೆಯೂ ಇರಬಹುದು. ರೇಡಿಯೇಟರಿನ ಕ್ಯಾಪು ಒತ್ತಡ ಹಿಡಿಯದ ಗಾಡಿಯಲ್ಲಿ ಎಂಜಿನ್ ಜೋರಾಗಿ ತಿರುಗುವಾಗ ಅದು ಹೊರಗಿನ ಗಾಳಿಯನ್ನೇ ಒಳಗೆಳೆಯುತ್ತದೆ. ಕೆಳಗಿನ ಹೋಸಿನೊಳಗೆ ಸ್ಪ್ರಿಂಗ್ ಇರುವ ಗಾಡಿಗಳಲ್ಲಿ ಹೊಸ ಹೋಸಿಗೂ ಅದನ್ನು ಮರೆಯದೆ ಹಾಕಬೇಕು. ಅದಿಲ್ಲದಿದ್ದರೆ ಪಂಪಿನ ಎಳೆತಕ್ಕೆ ಹೋಸು ಒಳಕ್ಕೆ ಕುಸಿಯುತ್ತದೆ.

ನೀರಿನ ಬಗ್ಗೆ ಒಂದು ಮಾತು. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಲಿನ ನೆಲದಡಿ ಇರುವುದು ಸುಣ್ಣಕಲ್ಲು. ಅಂಥ ಬೋರ್‌ವೆಲ್ಲಿನ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ ಬಿಸಿಯೇರಿದಂತೆ ಸುಣ್ಣ ಬೇರ್ಪಟ್ಟು, ಹೆಡ್ಡಿನ ಒಳದಾರಿ ಮತ್ತು ಹೀಟರ್ ಕೋರಿನ ಸಣ್ಣ ಕೊಳವೆಗಳಲ್ಲಿ ಪದರವಾಗಿ ಕೂರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಸಮಪಾಲು ಕೂಲಂಟ್ ಬೆರೆಸಬೇಕು. ಕೂಲಂಟ್ ಬೆರೆತರೆ ಕುದಿಯುವ ಬಿಂದು ಏರುತ್ತದೆ, ತುಕ್ಕೂ ತಡೆಯುತ್ತದೆ. ಸುಮಾರು 0.9 ಬಾರ್ ಒತ್ತಡ ಹಿಡಿಯುವ ಕ್ಯಾಪಿನಡಿ ಸಾದಾ ನೀರು ಕೂಡ 118 ಡಿಗ್ರಿಯ ಹತ್ತಿರ ಹೋಗುವವರೆಗೆ ಕುದಿಯುವುದಿಲ್ಲ. ಸೋತ ಕ್ಯಾಪು ಇದ್ದರೆ ಆ ಲಾಭವೆಲ್ಲ ಹೋಯಿತು. ಹಳೆಯ ಕೂಲಂಟನ್ನು ಚರಂಡಿಗೋ ಅಂಗಳಕ್ಕೋ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ನೆಕ್ಕಿದ ದನಕ್ಕೂ ನಾಯಿಗೂ ಪ್ರಾಣಾಂತಿಕ.

ತುಂಬುವಾಗ ಗಾಡಿಯ ಮೂತಿ ಮೇಲಿರುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹೀಟರಿನ ಗುಂಡಿಯನ್ನು ಬಿಸಿಯ ಕೊನೆಗೆ ತಿರುಗಿಸಿರಬೇಕು. ತಣ್ಣಗಿನ ಎಂಜಿನ್ನಿಗೆ ನಿಧಾನವಾಗಿ ಸುರಿದು, ಕ್ಯಾಪು ತೆರೆದಿಟ್ಟೇ ಸ್ಟಾರ್ಟ್ ಮಾಡಿ, ಮೇಲಿನ ಹೋಸು ಒಮ್ಮೆಲೇ ಬಿಸಿಯಾಗುವವರೆಗೆ ಐಡ್ಲಿಂಗಿನಲ್ಲಿ ಬಿಡಬೇಕು. ಗುಳ್ಳೆ ನಿಂತು ಮಟ್ಟ ಇಳಿದಷ್ಟನ್ನು ತುಂಬಿ ಕ್ಯಾಪು ಹಾಕಿದ ಮೇಲೆ, ಬಿಸಿ ಎಂಜಿನ್ನಿನಲ್ಲಿ ಅದನ್ನು ಮತ್ತೆ ತೆರೆಯಬಾರದು. ಹೊಸ ರಬ್ಬರು ಬಿಸಿಯಲ್ಲಿ ಒಮ್ಮೆ ಕೂತ ಮೇಲೆ ಕ್ಲಾಂಪು ತುಸು ಸಡಿಲವಾಗುತ್ತದೆ. ಆದ್ದರಿಂದ ಮರುದಿನ ಬೆಳಿಗ್ಗೆ, ಗಾಡಿ ಹೊರಡುವ ಮುನ್ನ, ಪ್ರತಿ ಕ್ಲಾಂಪಿಗೂ ಸ್ಕ್ರೂಡ್ರೈವರ್ ಕೊಟ್ಟು ನೋಡಿ, ರಿಸರ್ವ್ ಬಾಟಲಿಯ ಮಟ್ಟವನ್ನು ಗುರುತು ಮಾಡಿಟ್ಟುಕೊಳ್ಳಿ.