ಮೊದಲ ಪಾಠ ಕಾಲುಚೀಲದ್ದು

ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಜಾನ್ ವುಡನ್ ಎಂಬ ಬಾಸ್ಕೆಟ್‌ಬಾಲ್ ಕೋಚ್ ಇದ್ದರು. 1964ರಿಂದ 1975ರೊಳಗೆ ಅವರ ತಂಡ 10 ಸಲ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಆಯಿತು. ಅಂಥವರು ಪ್ರತಿ ವರ್ಷ ಮೊದಲ ದಿನ ಹುಡುಗರಿಗೆ ಕಲಿಸುತ್ತಿದ್ದದ್ದು ಏನು ಗೊತ್ತಾ? ಸಾಕ್ಸ್ ಹಾಕಿಕೊಳ್ಳುವುದು! ನಿಧಾನವಾಗಿ ಎಳೆದುಕೊಳ್ಳಬೇಕು. ಕಿರುಬೆರಳ ಹತ್ತಿರ, ಹಿಮ್ಮಡಿಯ ಸುತ್ತ ಕೈಯಾಡಿಸಿ ಒಂದೂ ಸುಕ್ಕಿಲ್ಲ ಅಂತ ನೋಡಬೇಕು. ಸುಕ್ಕು ಉಳಿದರೆ ಚರ್ಮ ಉಜ್ಜಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದರೆ ಪ್ರಾಕ್ಟೀಸ್ ತಪ್ಪುತ್ತದೆ.

ಇಂಥ ಸಣ್ಣ ಕೆಲಸ ಅಭ್ಯಾಸವಾಗುವುದು ಹೇಗೆ? ಒಂದೇ ಜಾಗ, ಒಂದೇ ಹೊತ್ತು, ಒಂದೇ ಕೆಲಸ. ಹೀಗೆ ಮಾಡುತ್ತಾ ಹೋದರೆ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಆ ಕೆಲಸವನ್ನು ಮೆಲ್ಲಗೆ ವಹಿಸಿಕೊಳ್ಳುತ್ತದೆ. ಆಮೇಲೆ ‘ಮಾಡಲೋ ಬೇಡವೋ’ ಅನ್ನುವ ಯೋಚನೆಯೇ ಬರುವುದಿಲ್ಲ. ಶೂ ಕಂಡರೆ ಸಾಕು, ಕಾಲು ತಾನೇ ಹೊರಡುತ್ತದೆ.

ಕೆಟ್ಟ ಅಭ್ಯಾಸವೂ ಹೀಗೇ ಬೇರೂರುತ್ತದೆ. ಅದನ್ನು ಎಬ್ಬಿಸುವ ವಸ್ತು ಕಣ್ಣೆದುರೇ ಇದ್ದರೆ ಬರೀ ಮನಸ್ಸು ಗಟ್ಟಿ ಮಾಡಿಕೊಂಡು ಗೆಲ್ಲುವುದು ಕಷ್ಟ. 2016ರ ರಿಯೊ ಒಲಿಂಪಿಕ್ಸ್‌ಗೆ ಮೊದಲು ಬ್ಯಾಡ್ಮಿಂಟನ್ ಕೋಚ್ ಪುಲ್ಲೇಲ ಗೋಪಿಚಂದ್ ಅವರು ತಮ್ಮ ಶಿಷ್ಯೆ ಪಿ.ವಿ. ಸಿಂಧು ಅವರ ಫೋನನ್ನು ಮೂರು ತಿಂಗಳು ದೂರವಿಟ್ಟಿದ್ದರು. ಸಿಂಧು ಬೆಳ್ಳಿ ಗೆದ್ದ ಮೇಲೆ, ‘ಫೋನ್ ವಾಪಸ್ ಕೊಡುತ್ತೇನೆ, ಐಸ್‌ಕ್ರೀಮೂ ತಿನ್ನಲಿ’ ಎಂದರು. ನನಗೆ ಇಷ್ಟವಾಗುವುದು ಇಲ್ಲಿನ ಜಾಣ್ಮೆ. ದಿನಾ ಬುದ್ಧಿ ಹೇಳುವ ಬದಲು ಎಡವುವ ಕಲ್ಲನ್ನೇ ದಾರಿಯಿಂದ ಎತ್ತಿಟ್ಟರು.

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತು ಕೇಳಿರುತ್ತೀರಿ. ಅದನ್ನು ನಂಬಬೇಡಿ. ಲಂಡನ್‌ನ ಸಂಶೋಧಕರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ಕೂರಲು ನಡುಮಟ್ಟದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ ಅಂದಾಜು 254 ದಿನ. ಅಂದ ಮೇಲೆ ಒಂದೇ ತಂಡದ ಇಬ್ಬರು ಮಕ್ಕಳನ್ನು ಹೋಲಿಸುವುದು ಸರಿಯಲ್ಲ, ಅಲ್ವಾ?

ಅದೇ ಅಧ್ಯಯನದ ಇನ್ನೊಂದು ಮಾತನ್ನು ಪ್ರತಿ ಕೋಚ್‌ಗೂ ಹೇಳಬೇಕು ಅನ್ನಿಸುತ್ತದೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲ. ಆದರೆ ಮೈದಾನಗಳಲ್ಲಿ ನಾನು ನೋಡಿರುವುದೇ ಬೇರೆ. ಒಂದು ದಿನ ಬಾರದ ಹುಡುಗನಿಗೆ ಎಲ್ಲರೆದುರು ಬೈಗುಳ. ಮುಂದೆ ಇನ್ನೊಮ್ಮೆ ತಡವಾದರೆ, ಆ ಬೈಗುಳಕ್ಕೆ ಹೆದರಿ ಅವನು ಗೇಟಿನಿಂದಲೇ ವಾಪಸ್ ಹೋಗುತ್ತಾನೆ. ಒಂದು ದಿನ ಒಂದು ವಾರವಾಗುತ್ತದೆ.

ಅವನ ಹೆಗಲ ಮೇಲೆ ಕೈಯಿಟ್ಟು, “ನಾಳೆ ಐದೂವರೆಗೇ ಬಾ ಮರಿ. ಶೂನಲ್ಲಿ ಸಾಕ್ಸ್ ತುರುಕಿ ರಾತ್ರಿಯೇ ಬಾಗಿಲ ಹತ್ತಿರ ಇಟ್ಟಿರು” ಅನ್ನಲು ಅರ್ಧ ನಿಮಿಷವೂ ಬೇಡ.