ಪತ್ತೇದಾರಿ ಓದಿದವರಿಗೆ ಬೇಕಿದ್ದಿದ್ದು ಕೊಲೆಗಾರನ ಹೆಸರಷ್ಟೇ ಅಲ್ಲ

ಕನ್ನಡದಲ್ಲಿ ಪತ್ತೇದಾರಿ ಕಾದಂಬರಿ ಯಾಕೆ ಸೊರಗಿತು, ಮಹಿಳೆಯರು ಕಾದು ಓದುತ್ತಿದ್ದ ಧಾರಾವಾಹಿಗಳು ಎಲ್ಲಿ ಹೋದವು ಅಂತ ಯಾರನ್ನೇ ಕೇಳಿ, ಒಂದೇ ಉತ್ತರ ಬರುತ್ತದೆ. ಟಿವಿ ಬಂತು, ಜನ ಓದುವುದು ಬಿಟ್ಟರು. ಈ ಉತ್ತರ ನನಗೆ ಯಾವತ್ತೂ ಸರಿ ಅನಿಸಿಲ್ಲ. ಆ ಓದುಗರಿಗೆ ಆ ಪುಸ್ತಕಗಳಿಂದ ಏನು ಬೇಕಿತ್ತು ಅನ್ನುವುದನ್ನೇ ಕೇಳದೆ, ಅವರು ಯಾಕೆ ಬಿಟ್ಟರು ಅಂತ ಹೇಳುವುದು ಹೇಗೆ?

ಇದನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ಬಿ. ವೆಂಕಟಾಚಾರ್ಯರು ಬಂಗಾಳಿ ಕಾದಂಬರಿಗಳನ್ನು, ಗಳಗನಾಥರು ಮರಾಠಿಯವನ್ನು ಕನ್ನಡಕ್ಕೆ ತಂದ ಕಾಲದಲ್ಲಿ ಕಾದಂಬರಿ ಓದುಗ ಅನ್ನುವ ಜಾತಿಯೇ ನಮ್ಮಲ್ಲಿ ಹೊಸದು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಹಾಗೆ ತಿರುಗುವ ಲೇಖಕನಿಗೆ ಕೊಳ್ಳುವವರ ಮುಖ ಕಾಣುತ್ತದೆ, ಯಾವುದನ್ನು ಕೈಗೆತ್ತಿಕೊಳ್ಳುತ್ತಾರೆ, ಯಾವುದನ್ನು ತಿರುವಿ ನೋಡಿ ಕೆಳಗಿಡುತ್ತಾರೆ ಅನ್ನುವುದೂ ಕಾಣುತ್ತದೆ. ವಿಜಯನಗರದ ಕಥೆ ಹೇಳುವ ಅವರ 'ಮಾಧವ ಕರುಣಾ ವಿಲಾಸ' 1923ರಲ್ಲಿ ಬಂತು. ಮುಂಬೈ ಪ್ರಾಂತ್ಯ, ಮೈಸೂರು, ಮದ್ರಾಸು, ನಿಜಾಮರ ನಾಡು ಅಂತ ಚೂರುಚೂರಾಗಿದ್ದ ಕನ್ನಡಿಗರಿಗೆ ನಮಗೂ ಒಂದು ದೊಡ್ಡ ರಾಜ್ಯ ಇತ್ತು ಅನ್ನುವ ಮಾತು ಎಷ್ಟು ಬೇಕಾಗಿತ್ತು ಅಂತ ಯೋಚಿಸಿ. ಐತಿಹಾಸಿಕ ಕಾದಂಬರಿಯ ಓದುಗರು ಇವತ್ತಿಗೂ ಹುಡುಕುವುದು ಹೆಚ್ಚುಕಡಿಮೆ ಅದನ್ನೇ. ತ.ರಾ.ಸು. ಬರೆದ ಚಿತ್ರದುರ್ಗದ ಕಾದಂಬರಿಗಳನ್ನು ಓದಿ ಕೋಟೆ ನೋಡಲು ಹೋದವರು ಎಷ್ಟೋ ಜನ.

ಆದರೆ ನನಗೆ ಜಾಸ್ತಿ ಹೇಳಬೇಕಿರುವುದು ಪತ್ತೇದಾರಿಯ ಬಗ್ಗೆ.

ಎನ್. ನರಸಿಂಹಯ್ಯನವರು ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿವರೆಗೆ. 1950ರ ದಶಕದ ಶುರುವಿನಲ್ಲಿ ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿದರು, ಆಮೇಲೆ ಮಧುಸೂದನ, ಅರಿಂಜಯ ಬಂದರು, ಒಟ್ಟು ಕಾದಂಬರಿಗಳ ಲೆಕ್ಕ 500 ದಾಟಿತು. 1951ರ ಜನಗಣತಿಯ ಹೊತ್ತಿಗೆ ಈಗಿನ ಕರ್ನಾಟಕದ ಭಾಗದಲ್ಲಿ ಅಕ್ಷರ ಬಲ್ಲವರು ಸುಮಾರು ಐವರಲ್ಲಿ ಒಬ್ಬರು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿ. ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತವರು, ಮಿಲ್ಲಿನಲ್ಲಿ, ಹೋಟೆಲಿನಲ್ಲಿ ದುಡಿಯುವವರು, ಒಂದು ಇಡೀ ಪುಸ್ತಕವನ್ನು ತಾನೇ ಓದಿ ಮುಗಿಸಿದೆ ಅನ್ನುವ ಖುಷಿಯನ್ನು ಮೊದಲ ಸಲ ಪಡೆದಿದ್ದು ಇಂಥ ಪುಸ್ತಕಗಳಿಂದ. ಚಿಕ್ಕ ವಾಕ್ಯ, ಬೇಗ ಬೇಗ ಸಾಗುವ ಕಥೆ, ಅಧ್ಯಾಯದ ಕೊನೆಗೊಂದು ಪ್ರಶ್ನೆ, ಮತ್ತೆ ಪುಟ ತಿರುಗಿಸಲೇಬೇಕು. ಸಾಹಿತ್ಯದ ಚರ್ಚೆಗಳಲ್ಲಿ ಇವುಗಳ ಹೆಸರು ತೆಗೆದುಕೊಂಡವರು ಕಡಿಮೆ. ಆದರೆ ಕನ್ನಡಿಗರಿಗೆ ಓದಿನ ಹುಚ್ಚು ಹಿಡಿಸಿದವರ ಪಟ್ಟಿ ಮಾಡಿದರೆ ನರಸಿಂಹಯ್ಯನವರನ್ನು ಬಿಡಲು ಯಾರಿಗೂ ಆಗುವುದಿಲ್ಲ.

ಅವರ ಜೊತೆಗೇ ಬರೆಯುತ್ತಿದ್ದ ಇನ್ನೊಬ್ಬರು ಮ. ರಾಮಮೂರ್ತಿ. ಹೌದು, ನಮ್ಮ ಹಳದಿ-ಕೆಂಪು ಬಾವುಟ ರೂಪಿಸಿದವರೇ. ಕನ್ನಡ ಚಳವಳಿ ಕಟ್ಟಿದ ಕೈಯೇ ಪತ್ತೇದಾರಿ ಕಾದಂಬರಿಗಳನ್ನೂ ಬರೆದಿದ್ದು ನನಗೆ ಕಾಕತಾಳೀಯ ಅನಿಸುವುದಿಲ್ಲ. ಇಂಗ್ಲಿಷಿನವರಿಗೆ, ಬಂಗಾಳಿಯವರಿಗೆ ಪತ್ತೇದಾರರಿದ್ದರು. ನಮ್ಮ ಬೀದಿಯಲ್ಲಿ ಓಡಾಡುವ, ನಮ್ಮ ಮಾತಾಡುವ ಒಬ್ಬ ಪತ್ತೇದಾರ ನಮಗೂ ಬೇಕಿತ್ತು.

ಸರಿ, ಆ ಪತ್ತೇದಾರನಿಂದ ಓದುಗರಿಗೆ ಏನು ಬೇಕಿತ್ತು? ಕೊಲೆ ಮಾಡಿದವರು ಯಾರು ಅನ್ನುವ ಕುತೂಹಲ ಅಷ್ಟೇ ಆಗಿದ್ದರೆ ಒಬ್ಬನೇ ಪತ್ತೇದಾರ ಪುಸ್ತಕದಿಂದ ಪುಸ್ತಕಕ್ಕೆ ಬರುವ ಅಗತ್ಯ ಇರಲಿಲ್ಲ. ಅನ್ಯಾಯ ಆಗಿದೆ, ಇದನ್ನು ನಾನು ನೋಡಿಕೊಳ್ಳುತ್ತೇನೆ ಅಂತ ಒಬ್ಬ ಮುಂದೆ ಬರುತ್ತಾನೆ, ಕೊನೆಯವರೆಗೂ ಕೈ ಬಿಡುವುದಿಲ್ಲ. ಸ್ಟೇಷನ್ನಿಗೆ, ಕಚೇರಿಗೆ ಅಲೆದು ಸುಸ್ತಾದ ಜನಕ್ಕೆ ಆ ಒಬ್ಬ ಬೇಕಿದ್ದ ಅಂತ ನನ್ನ ನಂಬಿಕೆ. ಇದಕ್ಕೆ ಪುಷ್ಟಿ ಕೊಡುವುದು ಟಿ.ಕೆ. ರಾಮರಾವ್ ಅವರ ಬರಹ. ಕುತೂಹಲಕಾರಿ ಕಾದಂಬರಿಗಳಿಗೆ ಹೆಸರಾದ ಅವರ 'ಬಂಗಾರದ ಮನುಷ್ಯ' 1972ರಲ್ಲಿ ಸಿನಿಮಾ ಆಗಿ ಇತಿಹಾಸ ಮಾಡಿತು. ಅದರಲ್ಲಿ ಪತ್ತೇದಾರನೇ ಇಲ್ಲ. ಅಕ್ಕನ ಮನೆಯ ಹೊಣೆ ಹೊತ್ತು ನಡೆಸುವ ಒಬ್ಬ ಮನುಷ್ಯ ಇದ್ದಾನೆ. ಬೇಷರತ್ತಾಗಿ ಹೊಣೆ ಹೊರುವವನು. ಜನ ಎರಡೂ ಕಡೆ ಹುಡುಕುತ್ತಿದ್ದುದು ಒಬ್ಬನನ್ನೇ ಅಲ್ವಾ?

ಈಗ ಪತ್ತೇದಾರಿ ಸೊರಗಿದ ಕಾಲಕ್ಕೆ ಬನ್ನಿ. 1980ರಲ್ಲಿ 'ಲಂಕೇಶ್ ಪತ್ರಿಕೆ' ಶುರುವಾಯಿತು, ಅದರ ಹಿಂದೆ ಟ್ಯಾಬ್ಲಾಯ್ಡ್ ವಾರಪತ್ರಿಕೆಗಳ ದೊಡ್ಡ ಸಾಲೇ ಬಂತು. ಊರಿನ ಕೆಡುಕರ ಹೆಸರನ್ನು, ಅವರು ಮಾಡಿದ್ದನ್ನು, ಅದೂ ನಿಜವಾದ ಹೆಸರನ್ನು ಅಚ್ಚು ಹಾಕುವ ಪತ್ರಿಕೆ ವಾರವಾರ ಅಂಗಡಿಯಲ್ಲಿ ಸಿಗುವಾಗ ಪುರುಷೋತ್ತಮನ ಕೆಲಸವನ್ನು ಬೇರೆಯವರು ವಹಿಸಿಕೊಂಡ ಹಾಗಾಯಿತು. ಓದುಗರು ಓದು ಬಿಡಲಿಲ್ಲ, ತಮಗೆ ಬೇಕಾದ್ದು ಸಿಗುವ ಕಡೆ ಹೋದರು. ಪತ್ತೇದಾರಿಯ ಮಜಾವನ್ನು ಬೇರೆ ರೀತಿ ಉಳಿಸಿಕೊಂಡವರು ತೇಜಸ್ವಿ. 'ಚಿದಂಬರ ರಹಸ್ಯ'ದಲ್ಲಿ ಮಲೆನಾಡಿನ ಊರೇ ಒಂದು ಒಗಟು, ಬಿಡಿಸಿ ಕೊಡುವ ಪತ್ತೇದಾರನ ಭರವಸೆ ಅಲ್ಲಿಲ್ಲ. ಆ ಪುಸ್ತಕಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು, ಜನ ಮುಗಿಬಿದ್ದು ಓದಿಯೂ ಓದಿದರು.

ಮಹಿಳೆಯರ ಕಾದಂಬರಿಗಳ ಕಥೆ ಬೇರೆ, ಆದರೆ ತಿರುವು ಇಂಥದ್ದೇ. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಆಮೇಲೆ ಸಾಯಿಸುತೆ, ಉಷಾ ನವರತ್ನರಾಮ್. ಇವರನ್ನೆಲ್ಲ 'ಅಡುಗೆಮನೆ ಸಾಹಿತ್ಯ' ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಿದವರಿದ್ದಾರೆ. ಆ ಮಾತು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅಡುಗೆಮನೆಯಲ್ಲಿ ನಡೆಯುವುದು ಬದುಕಲ್ಲವಾ? ತ್ರಿವೇಣಿ ಮನಶ್ಶಾಸ್ತ್ರ ಓದಿದವರು, 1963ರಲ್ಲಿ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. 'ಶರಪಂಜರ'ದ ಕಾವೇರಿಗೆ ಬಾಣಂತನದ ಹೊತ್ತಿಗೆ ಮನಸ್ಸು ಕೆಡುತ್ತದೆ, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ, ಮನೆಯವರು ಮಾತ್ರ ಅವಳಿಗೆ ವಾಸಿಯಾಗಿದೆ ಅಂತ ಒಪ್ಪುವುದೇ ಇಲ್ಲ. ಎಷ್ಟು ಮನೆಗಳಲ್ಲಿ ಬಾಗಿಲು ಮುಚ್ಚಿಕೊಂಡು ನಡೆದ ಸಂಗತಿ ಇದು! ಇದನ್ನು ಓದಿದ ಹೆಂಗಸಿಗೆ ಸಿಕ್ಕಿದ್ದು ಟೈಂಪಾಸ್ ಅಲ್ಲ. ನನಗೆ ಆಗಿದ್ದು ನನಗೊಬ್ಬಳಿಗೇ ಆಗಿದ್ದಲ್ಲ ಅನ್ನುವ ಧೈರ್ಯ.

ಈ ಪ್ರಕಾರಕ್ಕೆ ದೊಡ್ಡ ಬೆಂಬಲ ವಾರಪತ್ರಿಕೆಗಳು. 'ಪ್ರಜಾಮತ', 1965ರಲ್ಲಿ ಬಂದ 'ಸುಧಾ', 1983ರ 'ತರಂಗ'. ಧಾರಾವಾಹಿ ಅಂದರೆ ವಾರಕ್ಕೊಂದು ಕಂತು, ಒಂದು ಪ್ರತಿಯನ್ನು ಇಡೀ ಮನೆ, ಆಮೇಲೆ ಪಕ್ಕದ ಮನೆಯೂ ಓದುವುದು, ಮುಂದೇನಾಗಬೇಕು ಅಂತ ಜಗಲಿಯಲ್ಲಿ ಚರ್ಚೆ. ಬೆಂಗಳೂರು, ಮೈಸೂರಿನ ಬಡಾವಣೆಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಪುಸ್ತಕದ ಹೆಸರು ಹೇಳಿ ಕೇಳುವವರು ಕಡಿಮೆ, "ಸಾಯಿಸುತೆದು ಹೊಸದು ಬಂದಿದೆಯಾ?" ಅನ್ನುವವರೇ ಹೆಚ್ಚು. ಓದುಗರಿಗೆ ಏನು ಬೇಕು ಅಂತ ಆ ಲೈಬ್ರರಿ ಮಾಲೀಕರಿಗೆ ಗೊತ್ತಿದ್ದಷ್ಟು ಯಾವ ವಿಮರ್ಶಕರಿಗೂ ಗೊತ್ತಿರಲಿಲ್ಲ. ಆ ಲೈಬ್ರರಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಆ ತಿಳಿವಳಿಕೆಯೂ ಹೋಯಿತು, ಯಾರೂ ಬರೆದಿಡಲಿಲ್ಲ. ಧಾರಾವಾಹಿಯಂತೂ ಹೆಸರೂ ಬದಲಾಗದೆ ಟಿವಿಗೆ ಹೋಯಿತು. ದಿನಾ ಬರುತ್ತದೆ, ಆದರೆ ಓದುವವಳ ಒಳಗಿನ ಮಾತನ್ನು ಪಾತ್ರದ ಬಾಯಲ್ಲಿ ಕೇಳಿಸುವ ಆ ನಿಧಾನ ಅಲ್ಲಿ ಸಿಗುವುದು ಅಪರೂಪ.

1980ರ ದಶಕದಲ್ಲಿ ತೆಲುಗಿನಿಂದ ಯಂಡಮೂರಿ ವೀರೇಂದ್ರನಾಥರ ಮಾಟಮಂತ್ರದ ಕಾದಂಬರಿಗಳು ಬಂದವು, ಭಯ ಬೇಕಾದವರಿಗೆ ಭಯ ಸಿಕ್ಕಿತು. ಇತ್ತೀಚಿನ ವರ್ಷಗಳಲ್ಲಿ ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರ ರೋಚಕ ಕಾದಂಬರಿಗಳಲ್ಲಿ ಶಾಸನ, ಚಿತ್ರ, ಆಧಾರಗಳೆಲ್ಲ ಕಥೆಯ ಜೊತೆಗೇ ಬರುತ್ತವೆ. ಇದರಲ್ಲಿ ಎಷ್ಟು ನಿಜ ಅಂತ ತಿಳಿಯುವ ಆಸೆ ಇರುವ ಓದುಗರಿಗೆ ಅದು ಹಿಡಿಸಿತು. ವಸುಧೇಂದ್ರ ಅವರ 'ತೇಜೋ ತುಂಗಭದ್ರಾ' 2019ರಲ್ಲಿ ಬಂದು ಮತ್ತೆ ಮತ್ತೆ ಮುದ್ರಣವಾಯಿತು. ಓದುಗರು ಇಲ್ಲ ಅನ್ನುವವರು ಇದನ್ನೆಲ್ಲ ಎಲ್ಲಿಡುತ್ತಾರೆ?

ತೊಂದರೆ ಇರುವುದು ಪುಸ್ತಕ ಮಾರುವ ದಾರಿಯಲ್ಲಿ. ಸರ್ಕಾರದ ಗ್ರಂಥಾಲಯ ಇಲಾಖೆ ಒಂದು ಶೀರ್ಷಿಕೆಯ 300 ಪ್ರತಿಗಳವರೆಗೆ ಸಗಟಾಗಿ ಕೊಳ್ಳುವ ಪದ್ಧತಿ ಬಂದಿತು. ಎಷ್ಟೋ ಸಣ್ಣ ಪ್ರಕಾಶಕರು ಅದರಿಂದಲೇ ಉಳಿದರು, ಅದು ನಿಜ. ಆದರೆ ಇಲಾಖೆ ಕೊಂಡರೆ ಸಾಕು ಅನ್ನುವ ಪ್ರಕಾಶಕನಿಗೆ ಪತ್ತೇದಾರಿ ಓದುವವರು, ಪ್ರೇಮಕಥೆ ಓದುವವರು ಏನು ಕೇಳುತ್ತಿದ್ದಾರೆ ಅಂತ ವಿಚಾರಿಸುವ ಅವಸರ ಇರುವುದಿಲ್ಲ. ಆ ವಿಚಾರಣೆ ಈಗ ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ನಡೆಯುತ್ತಿದೆ. ಗೃಹಿಣಿಯರು, ಕಾಲೇಜು ಹುಡುಗಿಯರು ಕಂತು ಕಂತಾಗಿ ಬರೆಯುತ್ತಾರೆ, ಓದುವವರು ಆ ನಾಯಕಿ ಹಾಗೆ ಸೋಲಬಾರದಿತ್ತು ಅಂತ ಅಲ್ಲೇ ಜಗಳ ತೆಗೆಯುತ್ತಾರೆ, ಮುಂದಿನ ಕಂತು ಯಾವಾಗ ಅಂತ ಬೆನ್ನು ಹತ್ತುತ್ತಾರೆ. ಅಲ್ಲಿನ ಬರಹದಲ್ಲಿ ಕಚ್ಚಾತನ ಜಾಸ್ತಿ. ಕನ್ನಡದ ಪ್ರಕಾಶಕರೊಬ್ಬರು ಆ ಜಗಳಗಳನ್ನು ಕೂತು ಓದಿ, ಅದರಿಂದ ಲೇಖಕರನ್ನು ಆರಿಸಿ, ಒಳ್ಳೆಯ ಸಂಪಾದಕರನ್ನು ಕೊಟ್ಟು ಪುಸ್ತಕ ತರಲಿ ಅನ್ನುವುದು ನನ್ನ ಬೇಡಿಕೆ.