2048ಕ್ಕೆ ಸಮುದ್ರ ಖಾಲಿ ಆಗುತ್ತಾ? ‘ಕುಸಿತ’ ಅನ್ನೋ ಪದದ ಟಿಪ್ಪಣಿ

ಅತಿಯಾದ ಮೀನುಗಾರಿಕೆ ಬಗ್ಗೆ ವಿಶ್ವವಿದ್ಯಾಲಯಗಳು ಜನರಿಗೆ ಹೇಗೆ ತಿಳಿ ಹೇಳುತ್ತವೆ ಅನ್ನೋದು ಈ ವಾರದ ಪಾಠ. ನಾನು ಎರಡು ದಿನ ಸಿಕ್ಕಿಹಾಕಿಕೊಂಡಿದ್ದು ಒಂದೇ ಪದದಲ್ಲಿ: ಕುಸಿತ. ಅರ್ಥವಾಗಿದ್ದು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

2006ರ ಲೆಕ್ಕ

ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ಬೋರಿಸ್ ವರ್ಮ್ ಮತ್ತು ಸಂಗಡಿಗರು 2006ರ ನವೆಂಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಜನ ಹಿಡಿಯುವ ಮೀನು ಜಾತಿಗಳಲ್ಲಿ ನೂರಕ್ಕೆ 29 ಜಾತಿಗಳು 2003ರಲ್ಲೇ ಕುಸಿದಿದ್ದವು, ಹೀಗೇ ಹೋದರೆ 2048ಕ್ಕೆ ಎಲ್ಲವೂ ಕುಸಿಯುತ್ತವೆ ಅನ್ನೋದು ಅವರ ಲೆಕ್ಕ. ಸುದ್ದಿಯಾಗಿ ಹರಡುವಾಗ ಅದು ‘2048ಕ್ಕೆ ಮೀನೇ ಇರಲ್ಲ’ ಅಂತಾಯಿತು. ನಾನೂ ಹಾಗೇ ಓದಿಕೊಂಡಿದ್ದೆ.

ಎಡವಿದ ಜಾಗ

ಆ ಪ್ರಬಂಧದಲ್ಲಿ ಕುಸಿತ ಅಂದರೆ ಮೀನು ಮುಗಿದು ಹೋಯಿತು ಅಂತಲ್ಲ. ಒಂದು ಜಾತಿಯನ್ನು ಅತಿ ಹೆಚ್ಚು ಹಿಡಿದ ವರ್ಷದ ಲೆಕ್ಕ ತೆಗೆದುಕೊಳ್ಳಿ. ಈಗ ಹಿಡಿಯುತ್ತಿರುವುದು ಅದರ ಹತ್ತನೇ ಒಂದು ಭಾಗಕ್ಕಿಂತ ಕೆಳಗಿಳಿದರೆ ಅದು ಕುಸಿತ. ಗಮನಿಸಿ, ಎಣಿಸಿದ್ದು ಬಲೆಗೆ ಬಿದ್ದ ಮೀನನ್ನು. ನೀರಲ್ಲಿ ಉಳಿದಿದ್ದನ್ನಲ್ಲ.

ನನಗೆ ತಲೆಗೆ ಹತ್ತಿದ್ದು ಬ್ಯಾಂಕ್ ಪಾಸ್‌ಬುಕ್ ನೆನೆದಾಗ. ಬಲೆಗೆ ಬಿದ್ದಿದ್ದು ಖಾತೆಯಿಂದ ತೆಗೆದ ದುಡ್ಡು, ನೀರಲ್ಲಿರುವುದು ಬಾಕಿ ಇರುವ ದುಡ್ಡು. ಹೋದ ತಿಂಗಳು ಹತ್ತು ಸಾವಿರ ತೆಗೆದೆ, ಈ ತಿಂಗಳು ಐನೂರು ಅಷ್ಟೇ. ಖಾತೆ ಖಾಲಿ ಆಗಿರಬಹುದು, ಅಥವಾ ನನಗೆ ಖರ್ಚೇ ಇರಲಿಲ್ಲ. ಮೀನಿನಲ್ಲೂ ಹಾಗೇ. ಸರ್ಕಾರ ಹಿಡಿಯಬೇಡಿ ಅಂದರೂ ಅಂಕಿ ಇಳಿಯುತ್ತದೆ, ಬೋಟಿನವರು ಬೇರೆ ಮೀನಿನ ಹಿಂದೆ ಹೋದರೂ ಇಳಿಯುತ್ತದೆ.

ತಿರುಗಿಸಿ ನೋಡಿದರೆ ಇನ್ನೂ ಭಯ. ಪ್ರತಿ ತಿಂಗಳೂ ಹತ್ತು ಸಾವಿರ ತೆಗೆಯುತ್ತಲೇ ಇದ್ದರೆ ಬಾಕಿ ಕರಗುತ್ತಿರುವುದು ಗೊತ್ತೇ ಆಗುವುದಿಲ್ಲ. ಬೋಟುಗಳು ಇನ್ನೂ ದೂರ ಹೋಗಿ, ಜಾಸ್ತಿ ಹೊತ್ತು ಬಲೆ ಎಳೆದು ಅಷ್ಟೇ ಮೀನು ತಂದರೆ ದಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆಯಲ್ಲಿ) ಎಲ್ಲ ಸರಿಯಾಗಿದ್ದಂತೆಯೇ ಕಾಣುತ್ತದೆ.

ನಮಗೆ ಗೊತ್ತಿರುವ ಬೂತಾಯಿ ಮೀನನ್ನೇ (ಸಾರ್ಡಿನ್) ನೋಡಿ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ ಮೂರೂವರೆ ಸಾವಿರ ಟನ್ನೂ ಇಲ್ಲ. ಈ ಲೆಕ್ಕದಲ್ಲಿ ಅದು ಪಕ್ಕಾ ಕುಸಿತ. ಆದರೆ 2023ರ ಹೊತ್ತಿಗೆ ಮತ್ತೆ ಲಕ್ಷ ಟನ್ ದಾಟಿತ್ತು. ಬೂತಾಯಿಯ ಏರಿಳಿತದಲ್ಲಿ ಮಳೆ, ಸಮುದ್ರದ ಬಿಸಿ, ಎಲ್ ನಿನೊ (ಪೆಸಿಫಿಕ್ ಸಾಗರ ಆಗಾಗ ಬಿಸಿಯಾಗುವುದು) ಎಲ್ಲದರ ಕೈವಾಡ ಇದೆ.

ಜಗಳದ ನಂತರ

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೀನುಗಾರಿಕೆ ವಿಜ್ಞಾನಿ ರೇ ಹಿಲ್ಬೋರ್ನ್ 2048ರ ಲೆಕ್ಕವನ್ನು ಬಲವಾಗಿ ಟೀಕಿಸಿದರು. ಮುಂದೆ ನಡೆದದ್ದು ಈ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ. ವರ್ಮ್ ಮತ್ತು ಹಿಲ್ಬೋರ್ನ್ ಒಟ್ಟಿಗೆ ಕೂತು, ನೀರಲ್ಲಿ ಉಳಿದ ಮೀನಿನ ಅಂದಾಜನ್ನೂ ಸೇರಿಸಿ 2009ರಲ್ಲಿ ಹೊಸ ಪ್ರಬಂಧ ತಂದರು. ಪರಿಶೀಲಿಸಿದ ಮೀನು ಸಂಗ್ರಹಗಳಲ್ಲಿ (ಅಂದರೆ ಒಂದೊಂದು ಕಡಲ ಭಾಗದಲ್ಲಿರುವ ಒಂದೊಂದು ಜಾತಿಯ ಮೀನಿನ ಗುಂಪು) ನೂರಕ್ಕೆ 63 ಮತ್ತೆ ಚೇತರಿಸಿಕೊಳ್ಳಬೇಕಾದ ಸ್ಥಿತಿಯಲ್ಲಿದ್ದವು. ಆದರೆ ಚೆನ್ನಾಗಿ ಅಧ್ಯಯನ ಮಾಡಿದ 10 ಕಡಲ ಪ್ರದೇಶಗಳಲ್ಲಿ 5ರಲ್ಲಿ ಹಿಡಿಯುವ ಒತ್ತಡ ಇಳಿದಿತ್ತು. ‘ಎಲ್ಲ ಮುಗಿಯಿತು’ ಅನ್ನೋದಕ್ಕಿಂತ ಇದು ಜನರಿಗೆ ಜಾಸ್ತಿ ಉಪಯೋಗದ ಮಾತು ಅಂತ ನನ್ನ ಅಭಿಪ್ರಾಯ. ಏನು ಮಾಡಿದರೆ ಆಗುತ್ತದೆ ಅನ್ನೋದಾದರೂ ಗೊತ್ತಾಗುತ್ತದಲ್ವಾ?

ಫೋಟೋಗಳು

ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಸಂಶೋಧಕಿ ಲೋರೆನ್ ಮೆಕ್ಲೆನಹನ್, ಮೀನು ಹೇಗೆ ಬದಲಾಗಿದೆ ಅಂತ ನೋಡಲು ಫ್ಲಾರಿಡಾದ ಕೀ ವೆಸ್ಟ್ ಊರಿನ ಹಳೇ, ಹೊಸ ಫೋಟೋ ಕಲೆಹಾಕಿದರು. ಮೀನು ಹಿಡಿಯಲು ಬಾಡಿಗೆ ಬೋಟಿನಲ್ಲಿ ಹೋಗಿ ಬಂದವರು ದಕ್ಕೆಯಲ್ಲಿ ಮೀನು ತೂಗುಹಾಕಿ ತೆಗೆಸಿಕೊಂಡ ಚಿತ್ರಗಳು ಅವು. 1950ರ ದಶಕದ ಚಿತ್ರಗಳಲ್ಲಿ ಆಳೆತ್ತರದ ಗ್ರೂಪರ್ ಮೀನುಗಳಿವೆ. 2007ರದರಲ್ಲಿ ಪುಟ್ಟ ಮೀನುಗಳ ಸಾಲು. ಸರಾಸರಿ ತೂಕ 19.9 ಕಿಲೋದಿಂದ 2.3ಕ್ಕೆ ಇಳಿದಿದೆ.

ಇಲ್ಲೂ ನನಗೆ ಅದೇ ಸಂಶಯ ಬಂತು: ಇದೂ ತೆಗೆದ ದುಡ್ಡಿನ ಲೆಕ್ಕವೇ ಅಲ್ವಾ? ಹೌದು. ಆದರೆ ಅದೇ ಊರು, ದೊಡ್ಡ ಮೀನೇ ಬೇಕು ಅಂತ ಹೋದ ಅದೇ ಥರದ ಜನ. ಸಿಕ್ಕಿದ್ದರೆ ದೊಡ್ಡದನ್ನೇ ತೂಗುಹಾಕುತ್ತಿದ್ದರು. ಅದಕ್ಕೇ ಈ ಚಿತ್ರಗಳನ್ನು ನಂಬಬಹುದು ಅನ್ನಿಸಿತು. 2007ರವರ ಮುಖದಲ್ಲೂ 1950ರ ದಶಕದವರಷ್ಟೇ ನಗು ಇದೆ.